ಈ ಮೂರು ಅಡಿ ಯಾರದು?

ನಕ್ಷೆಯ ಸುರುಳಿ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿಳಿದ ಇಂಜಿನಿಯರ್ ಮಿತ್ರರೇ,

ಧಾರವಾಡಕ್ಕೆ ಕರೆಸಿ ಆಶಯ ಭಾಷಣ ಮಾಡಿ ಅಂದಿರಿ. ಆಶಯ ಸಂಘಟಕರದು, ಹಟ ಮಾತ್ರ ನನ್ನದು. ಕಟ್ಟಡ ಬೈಲಾಗಳ ಚರಿತ್ರೆಯನ್ನು ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಪ್ರಾಧ್ಯಾಪಕರು ನನಗಿಂತ ಚೆನ್ನಾಗಿ ಬಲ್ಲರು; ಆನ್‌ಲೈನ್ ಮಂಜೂರಾತಿಯ ಗೋಳನ್ನು ಎರಡನೇ ಗೋಷ್ಠಿಯ ಮೇಡಂ ಬಿಡಿಸಿ ಹೇಳುತ್ತಾರೆ. ಅವರ ಅನ್ನಕ್ಕೆ ನಾನು ಕೈ ಹಾಕುವುದಿಲ್ಲ.

ನನ್ನ ಪಾಲಿಗೆ ಉಳಿದದ್ದು ಒಂದು ಪ್ರಶ್ನೆ. ನಾನಾಗ ನೌಕರಿಗೆ ಸೇರಿದ ಹೊಸತು. ಟೇಪು ಹಿಡಿದು ಒಂದು ಮೂವತ್ತು-ನಲವತ್ತರ ಮನೆಯ ಪಕ್ಕದ ಓಣಿಯಲ್ಲಿ ನಿಂತಿದ್ದೆ. ಓಣಿ ಎಂಥದು, ಗೋಡೆಗೂ ಕಾಂಪೌಂಡಿಗೂ ನಡುವಿನ ಸಂದು. ಅಲ್ಲಿ ಬಟ್ಟೆ ಒಗೆಯುವ ಕಲ್ಲು, ಖಾಲಿ ಸಿಲಿಂಡರ್, ಮುರಿದ ಸೈಕಲ್. ಮನೆಯ ಅಜ್ಜಿ ಕೇಳಿದಳು: ‘ಸಾಹೇಬ್ರ, ಈ ಮೂರ ಫೂಟ ನಮ್ದೋ, ಸರಕಾರದ್ದೋ?’ ನಿಯಮದ ನಂಬರು ಹೇಳಿದೆ. ‘ಅದನ್ನ ಕೇಳ್ಲಿಲ್ಲ’ ಅಂದಳು. ಉತ್ತರ ಇವತ್ತಿಗೂ ಹುಡುಕುತ್ತಿದ್ದೇನೆ.

ಲೆಕ್ಕ ಹಾಕಿ ನೋಡಿ. 30x40ರ ಸೈಟಿನಲ್ಲಿ ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟರೆ ಒಳಗೆ ಉಳಿಯುವುದು 24x34, ಅಂದರೆ 816 ಚದರಡಿ. ಸಂದಿಗೆ ಹೋದದ್ದು 384. ಅಗ್ನಿಶಾಮಕ ವಾಹನ ಅದರಲ್ಲಿ ನುಗ್ಗಲಾರದು, ಬಿಸಿಲು ಇಣುಕಲಾರದು, ಕಿಟಕಿ ತೆಗೆದರೆ ಎದುರಿಗೆ ಪಕ್ಕದವರ ಕಿಟಕಿ. ನಮ್ಮ ತೊಟ್ಟಿ ಮನೆಯಲ್ಲಿ ಹತ್ತು-ಹತ್ತರ ಅಂಗಳ ನಡುವೆ ಇರುತ್ತಿತ್ತು. ನೂರು ಚದರಡಿಯಲ್ಲಿ ಗಾಳಿ, ಬೆಳಕು, ಮಳೆ, ತುಳಸಿಕಟ್ಟೆ ಎಲ್ಲ ಆಗುತ್ತಿತ್ತು. ಮನೆಯ ನಡುವಿದ್ದ ಆಕಾಶವನ್ನು ಹರಿದು ನಾಲ್ಕು ಅಂಚಿಗೆ ಅಂಟಿಸಿದ್ದೇವೆ. ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಅಲ್ಲೇ.

ಹಾಗೆಂದು ಈ ನಿಯಮ ತಂದ ಹಿಂದಿನವರು ಮೂರ್ಖರಲ್ಲ. ಪ್ಲೇಗು ಅವರನ್ನು ಹೆದರಿಸಿತ್ತು. 1898ರಲ್ಲಿ ಬೆಂಗಳೂರಿಗೆ ಅದು ಬಂದ ಬೆನ್ನಿಗೇ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅದೇ ವರ್ಷ ಮುಂಬೈಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೋಣೆಗೆ ಬೆಳಕು ಬೀಳಲಿ ಎಂದು ಅರವತ್ತಮೂರೂವರೆ ಡಿಗ್ರಿಯ ಕೋನದ ನಿಯಮ ಬಂತು. ಎಷ್ಟು ಎತ್ತರಕ್ಕೆ ಎಷ್ಟು ಬಯಲು ಎಂಬ ವಿವೇಕ ಅದರಲ್ಲಿತ್ತು. ಕೋನ ಮರೆತೆವು, ಅಡಿ ಉಳಿಸಿಕೊಂಡೆವು. 1915ರ ಮುಂಬೈ ನಗರ ಯೋಜನಾ ಕಾಯ್ದೆಯ ನೆರಳಿನಲ್ಲಿ ಧಾರವಾಡವೂ ಇತ್ತು, ನಾಸಿಕವೂ ಇತ್ತು. ಅಣ್ಣ-ತಮ್ಮಂದಿರ ಮನೆ ಅಂತಲೇ ಆ ಕಡೆ ಹೋದಾಗ ಕಣ್ಣು ಹಾಯಿಸುತ್ತೇನೆ.

ಹೋದ ವರ್ಷ ನಾಸಿಕ ಜಿಲ್ಲೆಯ ಪಿಂಪಳಗಾಂವ್ ಬಸವಂತ್‌ಗೆ ಹೋಗಿದ್ದೆ. ನಿಫಾಡ ತಾಲ್ಲೂಕು, ಮುಂಬೈ–ಆಗ್ರಾ ಹೆದ್ದಾರಿ, ಈರುಳ್ಳಿ ಟೊಮೆಟೊ ಲಾರಿಗಳ ಸಾಲು. ಅವರ ಗಾವಠಾಣ ಅಂದರೆ ನಮ್ಮ ಗ್ರಾಮಠಾಣವೇ. ಅಲ್ಲಿ ಗೆಳೆಯರೊಬ್ಬರ ಹಳೆಯ ಮನೆ, ಎರಡೂ ಬದಿಯ ಗೋಡೆ ನೆರೆಯವರೊಂದಿಗೆ ಪಾಲು, ನಡುವೆ ಚೌಕ, ಅಂದರೆ ನಮ್ಮ ಅಂಗಳ. ಮಧ್ಯಾಹ್ನ ಎರಡಕ್ಕೆ ಫ್ಯಾನಿಲ್ಲದೆ ಉಂಡೆವು. ಅವರ ಮಗನಿಗೆ ಆ ಮನೆ ಕೆಡವಿ ಆರ್‌ಸಿಸಿ ಹಾಕುವ ಆಸೆ.

ಮಹಾರಾಷ್ಟ್ರದವರು 2020ರ ಡಿಸೆಂಬರಿನಲ್ಲಿ ಮುಂಬೈ ಮತ್ತು ಇನ್ನು ಕೆಲವು ಪ್ರದೇಶ ಬಿಟ್ಟು ಇಡೀ ರಾಜ್ಯಕ್ಕೆ ಒಂದೇ ನಿಯಮಾವಳಿ ತಂದರು. ಮರುವರ್ಷ ಹಳ್ಳಿಗಳಲ್ಲಿ ಸುಮಾರು 3,200 ಚದರಡಿಯವರೆಗಿನ ಸೈಟಿನ ಮನೆಗೆ ನಗರ ಯೋಜನಾ ಕಚೇರಿಗೆ ಅಲೆಯುವುದನ್ನು ತಪ್ಪಿಸಿದರು. ಆ ನಿಯಮಾವಳಿಯ ವ್ಯಾಖ್ಯೆಗಳಲ್ಲಿ ‘ಚೌಕ’ ಎಂಬ ಶಬ್ದ ಇನ್ನೂ ಜೀವಂತವಾಗಿದೆ. ಓದಿ ಹೊಟ್ಟೆಕಿಚ್ಚಾಯಿತು.

ನಮ್ಮಲ್ಲಿ? ಸುತ್ತ ಬಿಡಬೇಕಾದ ಈ ಜಾಗವನ್ನು, ಅಂದರೆ ಸೆಟ್‌ಬ್ಯಾಕನ್ನು, ನುಂಗಿದವರಿಗೆ ಅಕ್ರಮ-ಸಕ್ರಮ ತಂದೆವು. ವಸತಿ ಕಟ್ಟಡದಲ್ಲಿ ಶೇ. 50ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸಿಕೊಳ್ಳುವ ಲೆಕ್ಕ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯ, ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ಇಲ್ಲದೆ ನೀರು-ಕರೆಂಟು ಬೇಡ ಎಂದಿತು. ಜನ ಕಂಗಾಲಾದರು. 2025ರಲ್ಲಿ 1,200 ಚದರಡಿಯವರೆಗಿನ ಸೈಟಿನ ಮನೆಗಳಿಗೆ ಒಸಿ ವಿನಾಯಿತಿ ಬಂತು. ಅರ್ಧ ಊರು ಪಾಲಿಸಲಾಗದ ನಿಯಮಕ್ಕೆ ದಂಡ, ತಡೆ, ವಿನಾಯಿತಿ ಎಲ್ಲ ಆಯಿತು. ನಿಯಮವನ್ನೇ ಬುಡದಿಂದ ತಿರುಗಿ ಓದಬೇಕಿತ್ತು.

ಈಗ ನನ್ನ ವಾದದ ತೂತನ್ನು ನಾನೇ ತೋರಿಸುತ್ತೇನೆ. ಗೋಡೆಗೆ ಗೋಡೆ ಸೇರಿಸಿ, ನಡುವೆ ಅಂಗಳ ಬಿಡಿ ಎನ್ನುವುದು ಸುಲಭ. ಪಿಂಪಳಗಾಂವದ ಹುಡುಗ ನಾಳೆ ಜೆಸಿಬಿ ತಂದರೆ ಪಕ್ಕದವರ ತೊಲೆ ಎಲ್ಲಿ ಕೂರಬೇಕು? ಹೊಸ ಪಾಯ ಅಗೆದಾಗ ಹಳೆಯ ಗೋಡೆ ಬಿರಿದರೆ ಕಟ್ಟಿಕೊಡುವವರು ಯಾರು? ನೆರೆಹೊರೆಯ ಹಕ್ಕಿನ ಮಾತು ಕಾನೂನಿನಲ್ಲಿ ಇಲ್ಲವೆಂದಲ್ಲ: 1882ರ ಅನುಭೋಗ ಹಕ್ಕುಗಳ ಕಾಯ್ದೆ ಇಪ್ಪತ್ತು ವರ್ಷ ಅನುಭವಿಸಿದ ಬೆಳಕಿಗೆ ಹಕ್ಕು ಕೊಡುತ್ತದೆ. ಇಂಗ್ಲೆಂಡಿನವರು ಪಾಲುಗೋಡೆಗೆಂದೇ 1996ರಲ್ಲಿ ಕಾಯ್ದೆ ಮಾಡಿಕೊಂಡರು: ಮೊದಲು ನೆರೆಯವರಿಗೆ ನೋಟಿಸು, ಒಪ್ಪದಿದ್ದರೆ ಸರ್ವೇಯರು. ನಮ್ಮಲ್ಲಿ ಮಂಜೂರಾತಿ ಅರ್ಜಿಯೊಂದಿಗೆ ಖಾತೆ, ಕಂದಾಯದ ರಸೀದಿ ಎಲ್ಲ ಕೇಳುತ್ತೇವೆ. ಪಕ್ಕದ ಮನೆಯವರನ್ನು ಮಾತ್ರ ಕೇಳುವುದಿಲ್ಲ. ಕೇಳಿದರೆ ಯಾವ ಮನೆಯೂ ಏಳುವುದಿಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಆ ನಗುವಿಗೂ ನನ್ನ ಬಳಿ ಉತ್ತರವಿಲ್ಲ.

ಆದ್ದರಿಂದ ಒಂದು ಕೋರಿಕೆ. ನಾಳೆಯ ಸಮಾರೋಪದೊಳಗೆ ಪಾಲುಗೋಡೆಗೆ ಒಂದು ಕರಡು ನಿಯಮ ಬರೆಯಿರಿ. ಅರ್ಧ ಪುಟ ಸಾಕು, ಮೇಸ್ತ್ರಿಗೆ ಓದಿ ಹೇಳಿದರೆ ಅರ್ಥವಾಗುವಂಥ ಕನ್ನಡದಲ್ಲಿ. ಪ್ರಬಂಧಗಳ ಸಂಪುಟ ಆಮೇಲೆ ಬರಲಿ.