ಮೂಟೆ ಹೊರುವ ಮಕ್ಕಳಿಗೆ ಸಭೆಯಲ್ಲೂ ಜಾಗ ಕೊಡೋಣ





ರಮಝಾನ್ ಬಂತೆಂದರೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ನಮ್ಮ ಮೊಹಲ್ಲಾಗಳಲ್ಲಿ ಹದಿಹರೆಯದವರು ಚುರುಕಾಗುತ್ತಾರೆ. ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಕಟ್ಟುವವರು ಅವರೇ. ಮನೆಮನೆಗೆ ಹೊತ್ತೊಯ್ಯುವವರೂ ಅವರೇ. ಆದರೆ ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂದು ತೀರ್ಮಾನಿಸುವ ಸಭೆಯಲ್ಲಿ ಅವರಿಗೆ ಜಾಗವಿರುವುದು ಅಪರೂಪ. ಮಕ್ಕಳ ತೋಳ್ಬಲ ಬೇಕು, ಅವರ ವಿವೇಕ ಬೇಡ ಎನ್ನುವ ಸಮುದಾಯವು ನಾಳೆಯ ನಾಯಕರನ್ನು ಎಲ್ಲಿಂದ ತರುತ್ತದೆ?

ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅದೂ ಅಲ್ಲಿನ ವಿಶಾಲ ಕೆರೆಯನ್ನು ನೆನಪಿಸುತ್ತದೆ. ಕೆರೆ ಕಟ್ಟಿಸಿದ ಅರಸರನ್ನು ಚರಿತ್ರೆ ನೆನೆಯುತ್ತದೆ. ಆದರೆ ನಮ್ಮ ನಾಡಿನ ಕೆರೆಗಳ ನೀರನ್ನು ಕೊನೆಯ ಗದ್ದೆಗೂ ತಲುಪಿಸಿದವನು ನೀರುಗಂಟಿ. ತೂಬನ್ನು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಿಸಬೇಕೆಂಬುದನ್ನು ನೋಡಿಕೊಳ್ಳುವ ಹೊಣೆ ಅವನದು. ಹಿರಿಯರೊಂದಿಗೆ ಕಾಲುವೆಯುದ್ದಕ್ಕೂ ನಡೆದು ಕಲಿಯುವ ವಿದ್ಯೆಯದು. ದಾನದ ಹಣವೂ ಹಾಗೆಯೇ. ಕೂಡಿಸುವುದಕ್ಕಿಂತ ನ್ಯಾಯವಾಗಿ ಹಂಚುವುದು ಕಷ್ಟ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಕ್ಕಳ ಸಮಿತಿಯೊಂದರ ಬಳಿ 5,000 ರೂಪಾಯಿ ಇದೆ. ಮೂರು ಅರ್ಜಿಗಳಿವೆ. ಒಂದು ಕಾಲೇಜು ವಿದ್ಯಾರ್ಥಿನಿಯ ಪರೀಕ್ಷಾ ಶುಲ್ಕ. ಇನ್ನೊಂದು ಡಯಾಲಿಸಿಸ್‌ಗಾಗಿ ಹಾಸನಕ್ಕೆ ಓಡಾಡುವ ರೋಗಿಯ ಬಸ್ ಖರ್ಚು. ಮತ್ತೊಂದು ವಿಧವೆಯೊಬ್ಬರ ಮನೆ ಬಾಡಿಗೆ. ಮೂರೂ ನ್ಯಾಯವಾದವೇ, ಹಣ ಮೂರಕ್ಕೂ ಸಾಲದು. 15 ವರ್ಷದ ಹುಡುಗ ಹುಡುಗಿಯರು ಈ ಮೂರೂ ಮನೆಗಳಿಗೆ ಹೋಗಿ ಬರಲಿ. ಗಂಡುಮಕ್ಕಳು ಹೊಸ್ತಿಲಲ್ಲೇ ನಿಲ್ಲುವ ಮನೆಯೊಳಗೆ ಹೆಣ್ಣುಮಕ್ಕಳು ಕುಳಿತು ಕಷ್ಟ ಕೇಳಬಲ್ಲರು. ಗಟ್ಟಿಯಾಗಿ ಕೇಳುವವನಿಗಿಂತ ಬಾಯಿಬಿಡದವನ ಅಗತ್ಯ ದೊಡ್ಡದಿರಬಹುದೆಂಬುದು ಅಲ್ಲಿ ಅರಿವಾಗುತ್ತದೆ. ಪ್ರಾಂಶುಪಾಲರನ್ನು ಕಂಡು ಶುಲ್ಕಕ್ಕೆ ಕಾಲಾವಕಾಶ ಕೇಳಬಹುದೆಂದು ಒಬ್ಬರಿಗೆ ಹೊಳೆಯುತ್ತದೆ. ಸ್ವಂತ ಚಿಕ್ಕಪ್ಪನ ಶಿಫಾರಸಿಗೂ ವಿನಯದಿಂದ 'ಇಲ್ಲ' ಎನ್ನಬೇಕಾಗುತ್ತದೆ. ಕೇಳಿದ ಕಷ್ಟವನ್ನು ಬೀದಿಯಲ್ಲಿ ಆಡದೆ ಅಮಾನತ್ತಾಗಿ ಕಾಯಬೇಕಾಗುತ್ತದೆ. ಯಾವ ಭಾಷಣ ಸ್ಪರ್ಧೆಯೂ ಕಲಿಸದ ನಾಯಕತ್ವ ಇದು.

ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿತ್ವಕ್ಕೆ ಬಹಳ ಮುನ್ನ, ಎಳೆಯ ಪ್ರಾಯದಲ್ಲೇ 'ಹಿಲ್ಫುಲ್ ಫುಝೂಲ್' ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಯಮನಿನ ವ್ಯಾಪಾರಿಯೊಬ್ಬನ ಸರಕು ಪಡೆದ ಮಕ್ಕಾದ ಪ್ರಭಾವಿ ವ್ಯಕ್ತಿ ಹಣ ಕೊಡಲಿಲ್ಲ. ಆಗ, ಪೀಡಿತನು ಯಾರೇ ಆಗಿರಲಿ, ಅವನ ಪರ ನಿಲ್ಲುವೆವೆಂದು ಮಾಡಿಕೊಂಡ ಪ್ರತಿಜ್ಞೆಯದು. ಹಿರಿಯರ ಆ ಸಭೆಯಲ್ಲಿ ಯುವಕರಿಗೂ ಜಾಗವಿತ್ತು ಎಂಬುದನ್ನು ಗಮನಿಸಬೇಕು.

ಇಂದು ಇದರ ಅಗತ್ಯ ಹೆಚ್ಚಿದೆ. 2022ರಲ್ಲಿ ಬೇಲೂರಿನ ಚನ್ನಕೇಶವ ರಥೋತ್ಸವದ ವೇಳೆ ಮುಸ್ಲಿಮ್ ವ್ಯಾಪಾರಿಗಳನ್ನು ದೂರವಿಡಬೇಕೆಂಬ ಕೂಗೆದ್ದಿತು. ಆದರೂ ಆ ವರ್ಷ ರಥದ ಮುಂದೆ ಕುರ್‌ಆನ್ ಪಠಿಸುವ ಹಳೆಯ ಪದ್ಧತಿ ನಿಲ್ಲಲಿಲ್ಲ. ನಮ್ಮ ಮಕ್ಕಳು ಎರಡನ್ನೂ ಕಂಡಿದ್ದಾರೆ. ಊರಿನಲ್ಲಿ ತನಗೊಂದು ಹೊಣೆಯಿದೆ ಎಂದು ಬಲ್ಲ ಹುಡುಗನನ್ನು ಮೊಬೈಲಿನಲ್ಲಿ ಬರುವ ದ್ವೇಷದ ಸಂದೇಶ ಸುಲಭವಾಗಿ ಕೆರಳಿಸಲಾರದು. ಕೊರೋನಾ ದಿನಗಳಲ್ಲಿ ಬೆಂಗಳೂರಿನ 'ಮರ್ಸಿ ಏಂಜೆಲ್ಸ್' ಸ್ವಯಂಸೇವಕರು ಧರ್ಮಭೇದವಿಲ್ಲದೆ ಮೃತರ ಅಂತ್ಯಸಂಸ್ಕಾರಕ್ಕೆ ನಿಂತರು. ದ್ವೇಷಕ್ಕೆ ಅದಕ್ಕಿಂತ ಸಮರ್ಥ ಉತ್ತರವಿದೆಯೇ?

ಮಕ್ಕಳ ಕೈಗೆ ಹಣದ ನಿರ್ಧಾರವೇ ಎಂದು ಹಿರಿಯರು ಅನುಮಾನಿಸಬಹುದು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1990ರ ದಶಕದಿಂದಲೇ ಹದಿಹರೆಯದವರ ಸಮಿತಿಗಳು ಸ್ಥಳೀಯ ಪ್ರತಿಷ್ಠಾನಗಳ ನೆರವು ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸುತ್ತಿವೆ. ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆಗಳಿವೆ. ಪಂಚಾಯತ್ ಕೇಳುವ ಮಕ್ಕಳ ಮಾತನ್ನು ಜಮಾಅತ್ ಏಕೆ ಕೇಳಬಾರದು?

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಝಕಾತಿನ ನಿಯಮಗಳನ್ನು ಉಲಮಾಗಳು ನೋಡಿಕೊಳ್ಳಲಿ. ಸದಕಾ ನಿಧಿಯ ಒಂದು ಸಣ್ಣ ಪಾಲನ್ನು 14ರಿಂದ 18 ವರ್ಷದ ಮಕ್ಕಳ ಸಮಿತಿಗೆ ಒಪ್ಪಿಸಿರಿ. ಅದರಲ್ಲಿ ಹೆಣ್ಣುಮಕ್ಕಳೂ ಸಮಾನವಾಗಿರಲಿ. ಇಬ್ಬರು ಹಿರಿಯರು ಜೊತೆಗಿದ್ದು, ಕೇಳಿದಾಗ ಮಾತ್ರ ಸಲಹೆ ನೀಡಲಿ. ಪಡೆದವರ ಹೆಸರು, ಫೋಟೋ ಎಲ್ಲಿಯೂ ಬರದಿರಲಿ. ಲೆಕ್ಕ ಮಾತ್ರ ಪ್ರತಿ ತಿಂಗಳು ಸಭೆಯಲ್ಲಿ ಓದಲ್ಪಡಲಿ. ನೆರೆಯವನ ಜಾತಿ, ಧರ್ಮ ಅರ್ಜಿಗೆ ಅಡ್ಡಿಯಾಗದಿರಲಿ. ಅವರು ಒಮ್ಮೆ ತಪ್ಪಿದರೆ ನಿಧಿಯನ್ನು ಕಿತ್ತುಕೊಳ್ಳದೆ, ಕುಳಿತು ತಿದ್ದಿರಿ.

ಇಂದು ನೂರು ರೂಪಾಯಿಯ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸುವ ಮಗು ನಾಳೆ ಮಸೀದಿಯ, ಶಾಲೆಯ, ಪುರಸಭೆಯ ಹೊಣೆಯನ್ನೂ ಹಾಗೆಯೇ ನಿಭಾಯಿಸೀತು. ನಮ್ಮ ಮಕ್ಕಳನ್ನು ನಂಬುವ ಹೃದಯವೈಶಾಲ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.