ಪುಟ್ಟ ಯಂತ್ರದ ವಿದ್ಯುತ್ ಲೆಕ್ಕ
(ಹಚ್ಚೊಳ್ಳಿಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಹಾಗೂ ಶಿಕ್ಷಕರೆದುರು ಮಾಡಿದ ಭಾಷಣದ ಪಠ್ಯ)



ಗಂಗಾಮೂಲದ ಕಾಡಿನಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ನಿಮ್ಮ ಸೀಮೆಯ ಭತ್ತದ ಗದ್ದೆಗಳಿಗೆ ನೀರುಣಿಸುತ್ತಾರೆ. ಆ ನದಿಯ ಮೇಲ್ಭಾಗದ ಮಲೆನಾಡಿನಿಂದ ಬಂದ ನಾನು ಇಂದು ಬಹು ಚಿಕ್ಕ ವಸ್ತುವೊಂದರ ಕುರಿತು ಮಾತನಾಡಬಯಸುತ್ತೇನೆ: ಆರ್ಡುಯಿನೊ ಫಲಕ ಮತ್ತು ಅದಕ್ಕೆ ನೀವು ಜೋಡಿಸುವ ಬ್ಯಾಟರಿ.

2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಈ ಫಲಕ, 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕವೂ ನಮ್ಮ ಶಾಲೆಗಳನ್ನು ತಲುಪಿದೆ. ಮಣ್ಣಿನ ತೇವ ಅಳೆಯುವ ಯಂತ್ರವನ್ನು ಮಕ್ಕಳು ಉತ್ಸಾಹದಿಂದ ಕಟ್ಟುತ್ತಾರೆ. ಬೆಳಿಗ್ಗೆ ನಡೆದ ಯಂತ್ರ ಸಂಜೆಗೆ ನಿಲ್ಲುತ್ತದೆ. ಕಿಟ್ ಕೆಟ್ಟಿತೆಂದು ಮಕ್ಕಳು ಬೇಸರಪಡುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದು ನಮ್ಮ ಲೆಕ್ಕ.

9 ವೋಲ್ಟಿನ ಬ್ಯಾಟರಿಯನ್ನು ಊನೊ ಆರ್3 ಫಲಕದ ದುಂಡು ಸಾಕೆಟ್ಟಿಗೆ ಸಿಕ್ಕಿಸಿದಾಗ, ಅಲ್ಲಿರುವ ನಿಯಂತ್ರಕವು ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಉಳಿದ ಪಾಲು ಶಾಖವಾಗಿ ಹೋಗುತ್ತದೆ. ಒಂಬತ್ತು ಸೇರು ಭತ್ತ ತಂದು ನಾಲ್ಕು ಸೇರನ್ನು ಕಾಲುವೆಗೆ ಸುರಿದಂತೆ! ಅಂಥ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್-ಗಂಟೆ. ಬರಿಯ ಫಲಕವೇ ಸುಮಾರು 50 ಮಿಲಿಆಂಪಿಯರ್ ಬಳಸುತ್ತದೆ. ಹತ್ತು ಗಂಟೆ ಓಡಿದರೆ ಹೆಚ್ಚು. ಆಮೇಲೆ ಆ ಬ್ಯಾಟರಿ ಗದ್ದೆಯ ಬದುವಿಗೆ ಬೀಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೇಜಿನ ಮೇಲಿನ ಪ್ರಯೋಗಕ್ಕೆ ಕಂಪ್ಯೂಟರಿನ ಇಲ್ಲವೇ ಒಳ್ಳೆಯ ಮೊಬೈಲ್ ಚಾರ್ಜರಿನ ಯುಎಸ್‌ಬಿ ತಂತಿಯೇ ಸಾಕು. ಹೊರಗೆ ಒಯ್ಯಬೇಕಾದರೆ, ಮತ್ತೆ ಚಾರ್ಜ್ ಮಾಡಬಲ್ಲ ನಿಕಲ್ ಪೆನ್ಸಿಲ್ ಸೆಲ್ ನಾಲ್ಕನ್ನು ಸಾಲಾಗಿ ಜೋಡಿಸಿದರೆ 4.8 ವೋಲ್ಟ್ ದೊರೆಯುತ್ತದೆ. ಯುಎಸ್‌ಬಿ ತಂತಿ ತೆಗೆದು, ಧನ-ಋಣ ತಪ್ಪದಂತೆ ಅದನ್ನು 5 ವೋಲ್ಟಿನ ಪಿನ್ನಿಗೆ ಕೊಡಬಹುದು. 2000 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳಾದರೆ ನಲವತ್ತು ಗಂಟೆಯ ಆಸುಪಾಸು ನಡೆಯುತ್ತದೆ. ಅವನ್ನೇ ನೂರಾರು ಸಲ ಬಳಸಬಹುದು. ಒಮ್ಮೆ ಬಳಸಿ ಎಸೆಯುವ ಹೊಸ ಸೆಲ್ ನಾಲ್ಕು ಸೇರಿದರೆ 6 ವೋಲ್ಟ್ ಮೀರಬಹುದು. ಅವನ್ನು ಆ ಪಿನ್ನಿಗೆ ಜೋಡಿಸಬೇಡಿ, ಚಿಪ್ ಸುಡಬಹುದು.

ಮೋಟಾರಿಗೆ ಬೇರೆಯೇ ಬ್ಯಾಟರಿ ಇರಲಿ. ಎರಡರ ಋಣ ತಂತಿಗಳು ಮಾತ್ರ ಕೂಡಿರಲಿ. ಫಲಕದ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಬೇಡುವುದು ತರವಲ್ಲ. ಆದ್ದರಿಂದ ಮೋಟಾರಿಗೂ ಪಿನ್ನಿಗೂ ನಡುವೆ ಟ್ರಾನ್ಸಿಸ್ಟರ್ ಅಥವಾ ರಿಲೇ ಬೇಕು. ತೇವ ಅಳೆಯುವ ಕಡ್ಡಿಗೆ ಅಳೆಯುವ ಕ್ಷಣದಲ್ಲಷ್ಟೇ ವಿದ್ಯುತ್ ಕೊಡಿ. ವಿದ್ಯುತ್ತೂ ಉಳಿಯುತ್ತದೆ, ಕಡ್ಡಿ ಬೇಗ ಸವೆಯುವುದೂ ತಪ್ಪುತ್ತದೆ. ಉಬ್ಬಿದ ಲಿಥಿಯಂ ಸೆಲ್ಲನ್ನು ಮುಟ್ಟಿ ಆಟವಾಡಬೇಡಿ, ಅದು ಬೆಂಕಿ ಹೊತ್ತಿಸಬಲ್ಲದು.

ಗೋಡೆಯ ಪ್ಲಗ್ಗಿಗೆ ಬರುವ ವಿದ್ಯುತ್ತಿಗೂ ಬೆಲೆಯುಂಟು. ಅದರ ಹಿಂದೆ ನಿಮ್ಮದೇ ಜಿಲ್ಲೆಯ ಕುಡತಿನಿಯಲ್ಲಿ ಉರಿಯುವ ಕಲ್ಲಿದ್ದಲಿದೆ, ಶರಾವತಿಯ ಲಿಂಗನಮಕ್ಕಿಯಲ್ಲಿ ಮುಳುಗಿದ ನಮ್ಮ ಊರುಗಳಿವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಳಸಿದ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲಿರಿಸಿವೆ. ಬೇರೆ ಕಸದೊಡನೆ ಬೆರೆಸದೆ ಒಪ್ಪಿಸುವ ಹೊಣೆ ನಮ್ಮದು. ಆದುದರಿಂದ ಪ್ರಯೋಗಾಲಯದಲ್ಲೊಂದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಇಟ್ಟು, ತುದಿಗಳಿಗೆ ಟೇಪು ಅಂಟಿಸಿ ಹಳೆಯ ಸೆಲ್ಲುಗಳನ್ನು ಕೂಡಿಡಿ.

ಪ್ರತಿ ಯಂತ್ರ ಕಟ್ಟುವ ಮುನ್ನ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಬೇಕು, ಎಲ್ಲಿಂದ ಬರುತ್ತದೆ, ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಈ ಮೂರು ಪ್ರಶ್ನೆಗಳನ್ನು ಹಿರಿಯರಾದ ನಾವು ದೊಡ್ಡ ಯೋಜನೆಗಳ ಮುಂದೆ ಸಕಾಲದಲ್ಲಿ ಕೇಳಲಿಲ್ಲ. ನೀವು ಚಿಕ್ಕದರಿಂದಲೇ ಆರಂಭಿಸಿರಿ.