ಕಡಲಿಲ್ಲದ ನಾಡಿನ ಕಡಲ ಋಣ



ಕಡಲ ತೀರದ ಮಾಲಿನ್ಯವನ್ನು ಕುರಿತು ವಯನಾಡಿನಲ್ಲಿ ಮಾತನಾಡುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ನಮ್ಮ ಜಿಲ್ಲೆಗೆ ಕಡಲಿಲ್ಲ. ಕಡಲಂಚಿನ ಮರಳಿನಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಸೀಸೆಗೂ ಬೆಟ್ಟದ ಮೇಲೆ ಬಾಳುವ ನಮಗೂ ಏನು ಸಂಬಂಧ? ಸಂಬಂಧವುಂಟು, ಅದನ್ನು ಕಲ್ಪಿಸಿರುವುದು ನೀರು.

ನಮ್ಮದು ಎರಡು ಕಡಲುಗಳಿಗೆ ನೀರುಣಿಸುವ ನೆಲ. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗುತ್ತವೆ. ಕಬಿನಿಯು ಪೂರ್ವಾಭಿಮುಖವಾಗಿ ಹರಿದು ಕರ್ನಾಟಕವನ್ನು ಹೊಕ್ಕು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಬೆರೆತು, ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತದೆ. ಮೇಪ್ಪಾಡಿಯ ಕಡೆಯ ತೊರೆಗಳಾದರೋ ಪಶ್ಚಿಮಕ್ಕಿಳಿದು ಚಾಲಿಯಾರನ್ನು ಕೂಡಿ, ಬೇಪೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟ ಕುಸಿದಾಗ, ನಮ್ಮವರ ಎಷ್ಟೋ ದೇಹಗಳು ದೂರದ ನಿಲಂಬೂರಿನ ಬಳಿ ಚಾಲಿಯಾರಿನಲ್ಲಿ ದೊರೆತುವು. ಆ ದುಃಖವನ್ನು ಹೋಲಿಕೆಗಾಗಿ ನೆನೆಯುತ್ತಿಲ್ಲ. ಮಳೆಗಾಲದ ಹೊಳೆಗೆ ದೂರವೆಂಬುದಿಲ್ಲವೆಂದು ನಾವು ಅಂದು ಕಂಡೆವು.

ಬಾಳೆಯೆಲೆ ಹೊಳೆಗೆ ಬಿದ್ದರೆ ಕೊಳೆತು ಮಣ್ಣಾಗುವುದು. ಪ್ಲಾಸ್ಟಿಕ್ಕು ಕೊಳೆಯದು, ಬಿಸಿಲಿಗೂ ಅಲೆಗೂ ಸಿಕ್ಕಿ ಕಣಕಣವಾಗಿ ಒಡೆದು ಮೀನಿನ ಹೊಟ್ಟೆಯನ್ನು ಸೇರುವುದು. ತೇಲುವ ಚೀಲವನ್ನು ಲೋಳೆಮೀನೆಂದು ಭ್ರಮಿಸಿ ಕಡಲಾಮೆ ನುಂಗುವುದು. ಬೀಚನಹಳ್ಳಿಯ ಅಣೆಕಟ್ಟು ಕಸವನ್ನು ತಡೆಯದೇ ಎಂದು ಕೇಳಬಹುದು. ತಡೆದುದು ಅಲ್ಲಿಯ ಜನರ ನೀರಿನಲ್ಲಿಯೇ ಉಳಿಯುವುದಷ್ಟೆ.

ಕಡಲ ದಂಡೆಯಲ್ಲಿ ಸ್ವಯಂಸೇವಕರು ಕಸವನ್ನು ಆಯುತ್ತಾರೆ. ಮರುದಿನದ ಅಲೆ ಮತ್ತಷ್ಟು ತಂದೊಡ್ಡುತ್ತದೆ. ಅವರದು ಕಡೆಯ ಕೈ. ಮೊದಲ ಕೈ ಬೆಟ್ಟದ ಮೇಲಿರುವ ನಮ್ಮದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ಕೇರಳ ಸರಕಾರವು 2020ರ ಜನವರಿ 1ರಿಂದ ನಿಷೇಧಿಸಿತು; ಅಂಥ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂದಿತು. ಹರಿತ ಕರ್ಮ ಸೇನೆಯ ಮಹಿಳೆಯರು ಮನೆಬಾಗಿಲಿಗೇ ಬಂದು ಪ್ಲಾಸ್ಟಿಕ್ ಕಸವನ್ನು ಒಯ್ಯುತ್ತಾರೆ. ಅವರ ಕೈಗೆ ಕೊಡಬೇಕಾದುದನ್ನು ಹಳ್ಳಕ್ಕೆ ಕೊಡುವುದು ಸಲ್ಲದು.

ಗಡಿನಾಡಿನವರಾದ ನಾವು ನಮ್ಮ ದನಿ ಆಚೆಯ ಕನ್ನಡಿಗರಿಗೆ ಮುಟ್ಟಲೆಂದು ಹಂಬಲಿಸುತ್ತೇವೆ. ದನಿಗಿಂತ ಮೊದಲು ಅವರನ್ನು ಮುಟ್ಟುವುದು ನಮ್ಮ ಹೊಳೆಯ ನೀರು. ಆದುದರಿಂದ ನಮ್ಮದೊಂದು ಬಿನ್ನಹ: ಮುಂದಿನ ವಾರ್ಷಿಕೋತ್ಸವದ ಪಂಕ್ತಿಯಲ್ಲಿ ಬಾಳೆಯೆಲೆಯೂ ಲೋಹದ ಲೋಟವೂ ಇರಲಿ, ನೀರಿನ ಸೀಸೆಗಳು ಬೇಡ. ಇದು ಅಲ್ಪವೆನ್ನಬೇಡಿರಿ. ಕಬಿನಿಯೂ ಮೊದಲಿಗೆ ದಾಟಬಹುದಾದಷ್ಟು ಕಿರಿದಾದ ತೊರೆಯೇ.